ಅಮ್ಮನ ಮ್ಯಾಗ್ನೆಟ್ ಹಾಸಿಗೆ

ನಿನ್ನೆ ಊರಿಗೆ ಬಂದೆ. ಅಮ್ಮನ ಮಂಚದ ಮೇಲೆ ಹೊಸ ಹಾಸಿಗೆ. ಒಳಗೆ ಮ್ಯಾಗ್ನೆಟ್ ಇದೆಯಂತೆ. ಮಂಡಿ ನೋವು, ಶುಗರ್, ಬಿಪಿ ಎಲ್ಲಕ್ಕೂ ಇದೊಂದೇ ಸಾಕು ಅಂತ ಯಾರೋ ಮನೆಗೇ ಬಂದು ಮಾರಿ ಹೋಗಿದ್ದಾರೆ.

"ರಕ್ತದಲ್ಲಿ ಕಬ್ಬಿಣ ಇರತ್ತಲ್ಲಪ್ಪ, ಅದನ್ನ ಎಳೆದು ಚೆನ್ನಾಗಿ ಓಡಾಡಿಸತ್ತಂತೆ" ಅಂದಳು.

ಕಬ್ಬಿಣ ಇರುವುದು ನಿಜ. ಆದರೆ ಅದು ಮೊಳೆಯಂಥ ಕಬ್ಬಿಣ ಅಲ್ಲ. ಹಿಮೋಗ್ಲೋಬಿನ್ ಒಳಗೆ ಬೆರೆತಿರುವ ಕಬ್ಬಿಣ ಆಯಸ್ಕಾಂತಕ್ಕೆ ಹಾಗೆ ಅಂಟುವುದಿಲ್ಲ. 1.5 ಟೆಸ್ಲಾದ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಬಲದ ಅಳತೆ) ಎಂಆರ್‌ಐ ಯಂತ್ರದೊಳಗೆ ಮಲಗಿದರೂ ರಕ್ತ ಒಂದು ಕಡೆಗೆ ಎಳೆದುಕೊಂಡು ಹೋಗುವುದಿಲ್ಲ, ಅಲ್ವಾ?

ಹಾಗಂತ ಆಯಸ್ಕಾಂತದ ಚಿಕಿತ್ಸೆ ಎಲ್ಲವೂ ಸುಳ್ಳಲ್ಲ. ಮುರಿದು ಕೂಡದೇ ಉಳಿದ ಮೂಳೆಗೆ ವಿದ್ಯುತ್ಕಾಂತದ ಮಿಡಿತ ಕೊಡುವ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1979ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಮಾತ್ರೆಗೆ ಬಗ್ಗದ ಖಿನ್ನತೆಗೆ ತಲೆಯ ಹತ್ತಿರ ತಂತಿಯ ಸುರುಳಿ (ಕಾಯಿಲ್) ಇಟ್ಟು ಮಾಡುವ ಟಿಎಂಎಸ್ ಅನ್ನುವ ಚಿಕಿತ್ಸೆಗೆ 2008ರಲ್ಲಿ ಕೊಟ್ಟಿತು. ನಮ್ಮ ನಿಮ್ಹಾನ್ಸ್‌ನಲ್ಲೂ ಅದನ್ನು ಮಾಡುತ್ತಾರೆ. ಈ ಚಿಕಿತ್ಸೆಯಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಮೆದುಳಿನೊಳಗೆ ಸಣ್ಣ ಕರೆಂಟು ಹುಟ್ಟಿಸುತ್ತದೆ. ಹಾಸಿಗೆಯಲ್ಲಿ ಸುಮ್ನೆ ಕೂತಿರುವ ಮ್ಯಾಗ್ನೆಟ್ ಆ ಕೆಲಸ ಮಾಡುವುದಿಲ್ಲ.

ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ. ಎರಡು ವಾರದಿಂದ ಶುಗರ್ ಮಾತ್ರೆ ನಿಲ್ಲಿಸಿದ್ದಾಳೆ ಅಂತ ಗೊತ್ತಾದಾಗ ಎದೆ ಧಸಕ್ ಅಂತು. ರಾತ್ರಿ ಜಾಸ್ತಿ ವಾದ ಮಾಡಲಿಲ್ಲ. ಪಕ್ಕದಲ್ಲಿ ಕೂತು ಮಂಡಿಗೆ ಎಣ್ಣೆ ಹಚ್ಚಿದೆ. ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಶುಗರ್ ನೋಡಿಸಿದೆ. ಮಾತ್ರೆ ಮತ್ತೆ ಶುರುವಾಗಿದೆ.

ಹಾಸಿಗೆ ಮಾತ್ರ ಬೆನ್ನಿಗೆ ಹಿತವಾಗಿದೆ ಅಂತಾಳೆ. ಇರಲಿ ಬಿಡಿ, ಮಲಗಲಿ.