ಲೆಕ್ಕ ಕಂಪ್ಯೂಟರ್ ಮಾಡುತ್ತೆ, ಅಕೌಂಟೆಂಟ್ ಆಗಿ ಹೊರದೇಶಕ್ಕೆ ಹೋಗಬಹುದಾ?

ನಾನು ಅಕೌಂಟೆಂಟ್ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಓದು ಮುಗಿಸುತ್ತಿರುವ ಹುಡುಗ ಹುಡುಗಿಯರು ಕೇಳುತ್ತಾರೆ. ಅವರ ಅಪ್ಪ ಅಮ್ಮ ಕೇಳುತ್ತಾರೆ. ವರ್ಷಗಟ್ಟಲೆ ಕೆಲಸ ಮಾಡಿ ಬೇಸತ್ತವರೂ ಕೇಳುತ್ತಾರೆ. "ಈಗ ಲೆಕ್ಕ ಎಲ್ಲಾ ಕಂಪ್ಯೂಟರೇ ಮಾಡುತ್ತೆ ಅಲ್ವಾ? ಈ ಕೆಲಸ ನಂಬಿಕೊಂಡು ಹೊರದೇಶಕ್ಕೆ ಹೋಗಬಹುದಾ? ಹೋಗೋದಾದ್ರೆ ಯಾವ ಕೋರ್ಸ್ ಮಾಡಬೇಕು?"

ಎದುರಿಗೆ ಸಿಕ್ಕಾಗ ಎರಡು ಮಾತಲ್ಲಿ ಮುಗಿಯುವ ಉತ್ತರ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಹೋಗಬಹುದು. ಲೆಕ್ಕ ಬರೆಯುವ ಕೆಲಸ ಕಡಿಮೆಯಾಗುತ್ತಿದೆ, ಲೆಕ್ಕಕ್ಕೆ ಹೊಣೆ ಹೊರುವ ಕೆಲಸ ಜಾಸ್ತಿಯಾಗುತ್ತಿದೆ. ಯಾವ ದೇಶದಲ್ಲಿ, ಯಾವ ಹೊಣೆ ಹೊರಬೇಕು ಅಂದುಕೊಂಡಿದ್ದೀರಿ ಅನ್ನೋದನ್ನು ಮೊದಲು ತೀರ್ಮಾನಿಸಿ. ಕೋರ್ಸಿನ ಮಾತು ಆಮೇಲೆ.

ಅಕೌಂಟೆಂಟ್‌ಗಳು ಗಡಿ ದಾಟೋದು ಹೊಸದೇನಲ್ಲ. ಎಡಿನ್‌ಬರೋದ ಅಕೌಂಟೆಂಟ್‌ಗಳ ಸಂಘಕ್ಕೆ ರಾಜಸನ್ನದು ಸಿಕ್ಕಿದ್ದು 1854ರಲ್ಲಿ. ಅಲ್ಲಿಂದ ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಸ್ಕಾಟ್ಲೆಂಡಿನ ಅಕೌಂಟೆಂಟ್‌ಗಳು ಅಟ್ಲಾಂಟಿಕ್ ದಾಟಿದ್ದರು. ಆಗ ಬ್ರಿಟನ್ನಿನವರ ದುಡ್ಡು ಅಮೆರಿಕದ ರೈಲು ಕಂಪನಿಗಳಲ್ಲಿ, ಬಿಯರ್ ಕಾರ್ಖಾನೆಗಳಲ್ಲಿ ಕೂತಿತ್ತು. ದುಡ್ಡು ಹಾಕಿದವರಿಗೆ, ಅಲ್ಲಿಗೇ ಹೋಗಿ ಪುಸ್ತಕ ತೆಗೆಸಿ ನೋಡುವ ನಂಬಿಕಸ್ಥರು ಬೇಕಿತ್ತು. 1890ರಲ್ಲಿ ಲಂಡನ್ನಿನ ಆಡಿಟ್ ಸಂಸ್ಥೆ ಪ್ರೈಸ್ ವಾಟರ್‌ಹೌಸ್ ನ್ಯೂಯಾರ್ಕಿಗೆ ತನ್ನ ಪ್ರತಿನಿಧಿಯನ್ನು ಕಳಿಸಿದ್ದು ಇದಕ್ಕೇ. ಇವತ್ತಿನ ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಇವೈ ಹೆಸರಿನಲ್ಲಿರುವ ಆರ್ಥರ್ ಯಂಗ್, ಕೆಪಿಎಂಜಿ ಹೆಸರಿನಲ್ಲಿರುವ ಜೇಮ್ಸ್ ಮಾರ್ವಿಕ್ ಇಬ್ಬರೂ ಹಾಗೆ ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಹೋದವರೇ. ದುಡ್ಡು ದೂರ ಹೋದಾಗಲೆಲ್ಲ ಅದರ ಹಿಂದೆ ಅಕೌಂಟೆಂಟ್ ಹೋಗಿದ್ದಾನೆ. ಈಗ ದುಡ್ಡು ಹಿಂದೆಂದಿಗಿಂತ ಜಾಸ್ತಿ ಓಡಾಡುತ್ತಿದೆ.

ಅವರ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮಗೆ ಎಷ್ಟೋ ದೇಶಗಳಲ್ಲಿ ನಡೆಯುವ ಒಂದೇ ನಿಯಮ ಸಿಕ್ಕಿದೆ. ಲಂಡನ್ನಿನಲ್ಲಿರುವ ಐಎಎಸ್‌ಬಿ ಅನ್ನುವ ಮಂಡಳಿ ಐಎಫ್‌ಆರ್‌ಎಸ್ ಎಂಬ ಲೆಕ್ಕದ ಮಾನದಂಡಗಳನ್ನು ಬರೆಯುತ್ತದೆ. ಯುರೋಪಿಯನ್ ಒಕ್ಕೂಟ 2005ರಿಂದ ಷೇರುಪೇಟೆಯಲ್ಲಿರುವ ತನ್ನ ಕಂಪನಿಗಳ ಒಟ್ಟುಗೂಡಿಸಿದ ಲೆಕ್ಕಕ್ಕೆ ಇದನ್ನು ಕಡ್ಡಾಯ ಮಾಡಿತು. ಈಗ 140ಕ್ಕೂ ಹೆಚ್ಚು ಕಡೆ ಇದು ಕಡ್ಡಾಯ. ಆದರೆ ಅಮೆರಿಕ ಯುಎಸ್ ಗ್ಯಾಪ್ ಎಂಬ ತನ್ನದೇ ಲೆಕ್ಕದ ನಿಯಮಗಳನ್ನು ಬಿಟ್ಟಿಲ್ಲ. ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಕೊನೆಗೆ ಬಂದ ಸರಕೇ ಮೊದಲು ಮಾರಾಟವಾಯಿತು ಅಂತ ಲೆಕ್ಕ ಹಿಡಿಯುವ ಲೈಫೋ ಪದ್ಧತಿ ಅಮೆರಿಕದಲ್ಲಿ ನಡೆಯುತ್ತದೆ, ಐಎಫ್‌ಆರ್‌ಎಸ್‌ನಲ್ಲಿ ನಡೆಯೋದಿಲ್ಲ. ಬೆಲೆ ಬಿತ್ತು ಅಂತ ಕಡಿತ ಮಾಡಿದ ಯಂತ್ರದ ಮೌಲ್ಯ ಮತ್ತೆ ಏರಿದರೆ ಐಎಫ್‌ಆರ್‌ಎಸ್‌ನಲ್ಲಿ ಕಡಿತವನ್ನು ಹಿಂದಕ್ಕೆ ತೆಗೆಯಬೇಕಾಗುತ್ತದೆ. ಬಳಕೆಯಲ್ಲಿರುವ ಯಂತ್ರಕ್ಕೆ ಅಮೆರಿಕದಲ್ಲಿ ಹಾಗೆ ಮಾಡುವಂತಿಲ್ಲ. ಈ ಎರಡೂ ಭಾಷೆ ಆಡಬಲ್ಲವರಿಗೆ ಎಲ್ಲ ಕಡೆ ಬೇಡಿಕೆ ಇದ್ದೇ ಇದೆ.

ಈಗ ಕಂಪ್ಯೂಟರಿನ ಮಾತಿಗೆ ಬರೋಣ. ಸುಮ್ನೆ ವಾದ ಮಾಡೋದಕ್ಕಿಂತ ನನ್ನ ಮೇಜಿನ ಮೇಲಿನ ಒಂದು ಕೆಲಸವನ್ನೇ ತೋರಿಸುತ್ತೇನೆ. ಬೇರೆ ಬೇರೆ ದೇಶದ ಅಂಗಸಂಸ್ಥೆಗಳ ಲೆಕ್ಕ ಒಟ್ಟುಗೂಡಿಸುವುದು ನನ್ನ ಕೆಲಸ. ಅದರಲ್ಲಿ ಬಾಡಿಗೆ ಒಪ್ಪಂದಗಳದೇ ಒಂದು ದೊಡ್ಡ ರಾಶಿ. ಮುಂಚೆ ಬಾಡಿಗೆ ಅಂದರೆ ಬರೀ ಖರ್ಚು, ಎಷ್ಟೋ ಸಾಲ ಬ್ಯಾಲೆನ್ಸ್ ಶೀಟಿಗೆ, ಅಂದರೆ ಕಂಪನಿಯ ಆಸ್ತಿ, ಸಾಲ ತೋರಿಸುವ ಪಟ್ಟಿಗೆ, ಬಾರದೆ ಮರೆಯಲ್ಲೇ ಇರುತ್ತಿತ್ತು. ಐಎಎಸ್‌ಬಿ ಅಧ್ಯಕ್ಷರಾಗಿದ್ದಾಗ ಡೇವಿಡ್ ಟ್ವೀಡಿ, ವಿಮಾನ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಇರುವಂಥ ವಿಮಾನದಲ್ಲಿ ಸಾಯೋದರೊಳಗೆ ಒಮ್ಮೆ ಹಾರಬೇಕು ಅಂದಿದ್ದರು. ಎಷ್ಟೋ ವಿಮಾನಗಳು ಬಾಡಿಗೆಯವು, ಹಾಗಾಗಿ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಅವರ ಮಾತಿನಲ್ಲಿ ನಗು ಇತ್ತು, ಆದರೆ ವಿಷಯ ಗಂಭೀರವೇ. ಕಡೆಗೆ 2019ರ ಜನವರಿಯಿಂದ ಐಎಫ್‌ಆರ್‌ಎಸ್ 16 ಜಾರಿಗೆ ಬಂತು. ದೀರ್ಘಾವಧಿ ಬಾಡಿಗೆಯೆಲ್ಲ ಬ್ಯಾಲೆನ್ಸ್ ಶೀಟಿಗೆ ಬಂತು. ಬಹಳ ಹಿಂದೆಯೇ ಬರಬೇಕಿತ್ತು ಅಂತ ನನ್ನ ಅಭಿಪ್ರಾಯ.

ಒಂದು ಗೋದಾಮು ಅಂದುಕೊಳ್ಳಿ. 5 ವರ್ಷದ ಒಪ್ಪಂದ, ಬೇಕಾದರೆ ಇನ್ನೂ 5 ವರ್ಷ ಮುಂದುವರಿಸಬಹುದು. ಪ್ರತಿ ವರ್ಷದ ಕೊನೆಗೆ 100 ಬಾಡಿಗೆ, ಬಡ್ಡಿ ದರ 6 ಶೇಕಡಾ. ಮುಂದೆ ಕೊಡಬೇಕಾದ ಬಾಡಿಗೆಯಿಂದ ಬಡ್ಡಿ ಕಳೆದು ಇವತ್ತಿನ ಬೆಲೆಗೆ ಇಳಿಸಿ, ಅದನ್ನು ಸಾಲವಾಗಿ ತೋರಿಸಬೇಕು. 5 ವರ್ಷಕ್ಕೆ ಲೆಕ್ಕ ಹಾಕಿದರೆ ಆ ಸಾಲ 421. ಹತ್ತು ವರ್ಷಕ್ಕೆ ಹಾಕಿದರೆ 736. ಎರಡನ್ನೂ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುತ್ತದೆ. ಆದರೆ ಹಾಕಬೇಕಾದ್ದು 5 ವರ್ಷವೋ 10 ವರ್ಷವೋ? ಮುಂದುವರಿಸುವುದು ಹೆಚ್ಚುಕಮ್ಮಿ ಖಚಿತ ಅನ್ನುವಂತಿದ್ದರೆ 10 ಅನ್ನುತ್ತದೆ ನಿಯಮ. ಅಲ್ಲಿನ ಮ್ಯಾನೇಜರನ್ನು ಕೇಳಿದರೆ "ಇನ್ನೂ ಏನೂ ತೀರ್ಮಾನ ಆಗಿಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆಸ್ತಿ ಪಟ್ಟಿ ತೆಗೆದು ನೋಡಿದರೆ ಅದೇ ಗೋದಾಮಿಗೆ ಈ ವರ್ಷ ಹೊಸ ಶೀತಲಗೃಹ ಕಟ್ಟಿಸಿದ್ದಾರೆ. ಅಷ್ಟು ಖರ್ಚು ಮಾಡಿ, 5 ವರ್ಷಕ್ಕೆ ಬಿಟ್ಟು ಹೋಗುತ್ತಾರಾ? ಸುತ್ತಮುತ್ತ ಅಂಥ ಬೇರೆ ಜಾಗ ಇದೆಯಾ? ಹಳೆಯ ಗೋದಾಮಿನಲ್ಲಿ ಎಷ್ಟು ವರ್ಷ ಇದ್ದರು? ಇದನ್ನೆಲ್ಲ ಕೇಳಬೇಕು, ಬೇಸರವಾಗದಂತೆ ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು, ಆಮೇಲೆ ಆಡಿಟರ ಮುಂದೆ ಕೂತು ಸಮರ್ಥಿಸಬೇಕು. ಕೆಲಸ ಇರೋದು ಇಲ್ಲೇ.

ಇನ್‌ವಾಯ್ಸ್ ಓದಿ ನಮೂದಿಸುವುದು, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗಿದೆಯಾ ಅಂತ ಹುಡುಕುವುದು, ಇದನ್ನೆಲ್ಲ ಯಂತ್ರ ಮಾಡುತ್ತಿದೆ, ಚೆನ್ನಾಗಿಯೇ ಮಾಡುತ್ತಿದೆ. ಅದನ್ನು ಉಳಿಸಿಕೊಳ್ಳಲು ಹೋರಾಡುವುದರಲ್ಲಿ ಅರ್ಥವಿಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಇವತ್ತಿನ ಎಕ್ಸೆಲ್‌ನಂಥ ವಿಸಿಕ್ಯಾಲ್ಕ್ ಎಂಬ ಕಂಪ್ಯೂಟರ್ ಲೆಕ್ಕದ ಹಾಳೆ ತಂದಾಗಲೂ ಹೀಗೇ ಆಯಿತು. ಒಂದು ಅಂಕಿ ಬದಲಾದರೆ ಇಡೀ ಹಾಳೆಯನ್ನು ಅಳಿಸಿ ಬರೆಯುವ ಕೆಲಸ ತಪ್ಪಿತು. ಆದರೆ ಕೂಡಲೇ "ಬೆಲೆ ಏರಿಸಿದರೆ ಏನಾಗುತ್ತೆ, ಮಾರಾಟ ಕುಸಿದರೆ ಏನಾಗುತ್ತೆ" ಅಂತ ಕೇಳುವವರು ಹೆಚ್ಚಿದರು, ಅದಕ್ಕೆ ಉತ್ತರ ಕೊಡಬಲ್ಲವರು ಬೇಕಾದರು.

ನನಗೆ ನಿಜವಾಗಿ ಚಿಂತೆ ಇರೋದು ಬೇರೆ ಕಡೆ. ಹೊಸಬರು ವಿವೇಚನೆ ಕಲಿಯುತ್ತಿದ್ದದ್ದೇ ಆ ಸಣ್ಣ ಕೆಲಸಗಳಲ್ಲಿ. ನೂರಾರು ವೋಚರ್ ತಿರುವಿ ಹಾಕಿದ ಮೇಲೆ ಒಂದು ವೋಚರ್ ಕಣ್ಣಿಗೆ ಚುಚ್ಚುತ್ತಿತ್ತು. ಆ ಕೆಲಸ ಯಂತ್ರಕ್ಕೆ ಹೋದ ಮೇಲೆ ಹೊಸಬರಿಗೆ ಆ ಕಣ್ಣು ಹೇಗೆ ಬರಬೇಕು? ಇದಕ್ಕೆ ಸಂಸ್ಥೆಗಳು ಇನ್ನೂ ಸರಿಯಾದ ದಾರಿ ಮಾಡಿಲ್ಲ. ಅಲ್ಲಿಯವರೆಗೆ ನೀವೇ ಮಾಡಿಕೊಳ್ಳಿ. ಯಂತ್ರ ಕೊಟ್ಟ ಉತ್ತರದಲ್ಲಿ ಒಂದೆರಡನ್ನು ದಿನಾ ಮೂಲ ಕಾಗದದವರೆಗೂ ಹೋಗಿ ನೋಡಿ.

ಕಾಗದ ಅಂದಾಗ ವೈರ್‌ಕಾರ್ಡ್ ನೆನಪಾಗುತ್ತದೆ. ಜರ್ಮನಿಯ ದೊಡ್ಡ ಪಾವತಿ ಕಂಪನಿ. 2020ರ ಜೂನ್‌ನಲ್ಲಿ ಅದರ ಬ್ಯಾಂಕ್ ಖಾತೆಗಳಲ್ಲಿ ಇದೆ ಅಂದಿದ್ದ 1.9 ಶತಕೋಟಿ ಯುರೋ ಎಲ್ಲೂ ಸಿಗಲಿಲ್ಲ. ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕುಗಳಲ್ಲಿದೆ ಅಂತ ತೋರಿಸಿದ್ದ ಪತ್ರಗಳು ನಕಲಿ ಅಂತ ಆ ಬ್ಯಾಂಕುಗಳೇ ಹೇಳಿದವು. ಆ ದುಡ್ಡು ದೇಶದೊಳಕ್ಕೆ ಬಂದೇ ಇಲ್ಲ ಅಂತ ಅಲ್ಲಿನ ಕೇಂದ್ರ ಬ್ಯಾಂಕೂ ಹೇಳಿತು. ಹಿಂದಿನ ವರ್ಷಗಳ ಲೆಕ್ಕಕ್ಕೆ ಆಡಿಟ್ ಒಪ್ಪಿಗೆ ಸಿಕ್ಕಿತ್ತು. ಕಂಪನಿ ಆ ತಿಂಗಳಲ್ಲೇ ದಿವಾಳಿ ಅರ್ಜಿ ಹಾಕಿತು. ಮೊತ್ತ ಕೂಡುವುದರಲ್ಲಿ ತಪ್ಪಾಗಿರಲಿಲ್ಲ. ಖಾತೆಯಲ್ಲಿ ದುಡ್ಡು ಇದೆಯಾ ಅಂತ ನೇರವಾಗಿ ಬ್ಯಾಂಕನ್ನೇ ಕೇಳಿ, ಉತ್ತರ ನೇರವಾಗಿ ತನ್ನ ಕೈಗೇ ಬರುವಂತೆ ನೋಡಿಕೊಳ್ಳುವುದು ಆಡಿಟಿನ ಮೊದಲ ಪಾಠಗಳಲ್ಲಿ ಒಂದು. ಹಲವು ದೇಶಗಳ ನಡುವೆ ಹಂಚಿಹೋದ ಲೆಕ್ಕದಲ್ಲಿ ಆ ಪಾಠ ಇನ್ನೂ ಜಾಸ್ತಿ ಬೇಕು.

ಇನ್ನು ಕೋರ್ಸು. ಜಾಹೀರಾತುಗಳನ್ನು ನಂಬಿ ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ಅರ್ಥ ಮಾಡಿಕೊಳ್ಳಿ. ನಿಯಮ ಗಡಿ ದಾಟಿದೆ, ಸಹಿ ಹಾಕುವ ಹಕ್ಕು ದಾಟಿಲ್ಲ. ಕಾನೂನಿನ ಪ್ರಕಾರ ಮಾಡಬೇಕಾದ ಆಡಿಟ್ ವರದಿಗೆ ಯಾರು ಸಹಿ ಹಾಕಬಹುದು ಅನ್ನೋದನ್ನು ಆಯಾ ದೇಶವೇ ತೀರ್ಮಾನಿಸುತ್ತದೆ. ಅಮೆರಿಕದಲ್ಲಂತೂ ಆಯಾ ರಾಜ್ಯದ ಮಂಡಳಿ ಲೈಸೆನ್ಸ್ ಕೊಡುತ್ತದೆ. ಆ ಲೈಸೆನ್ಸಿಗಾಗಿ ಬರೆಯುವ ಸಿಪಿಎ ಪರೀಕ್ಷೆಯಲ್ಲಿ 4 ಭಾಗ, ಪ್ರತಿಯೊಂದರಲ್ಲೂ 75 ಅಂಕ ಬರಬೇಕು. 2024ರಿಂದ ಮೂರು ಭಾಗ ಎಲ್ಲರಿಗೂ ಒಂದೇ, ನಾಲ್ಕನೆಯದನ್ನು ನೀವೇ ಆರಿಸಿಕೊಳ್ಳಬಹುದು. ಪರೀಕ್ಷೆ ಪಾಸಾದ ಮಾತ್ರಕ್ಕೆ ಲೈಸೆನ್ಸ್ ಬರೋದಿಲ್ಲ, ಅನುಭವವೂ ಬೇಕು, ರಾಜ್ಯದ ಷರತ್ತುಗಳೂ ಇವೆ. ಎಸಿಸಿಎ ಬ್ರಿಟನ್ನಿನ ಅಕೌಂಟೆಂಟ್‌ಗಳ ಸಂಸ್ಥೆಯೊಂದು ಕೊಡುವ ಅರ್ಹತೆ, 13 ಪತ್ರಿಕೆ, 36 ತಿಂಗಳ ಅನುಭವ. ಮುಂಚೆ ಓದಿದ್ದಕ್ಕೆ ಕೆಲವು ಪತ್ರಿಕೆಗಳ ವಿನಾಯಿತಿ ಸಿಗುತ್ತದೆ. ನಿಮ್ಮಲ್ಲಿ ಈಗಾಗಲೇ ಸಿಎ ಇದ್ದರೆ, ನಿಮ್ಮ ಸಂಸ್ಥೆಗೂ ಹೋಗಬೇಕೆಂದಿರುವ ದೇಶದ ಸಂಸ್ಥೆಗೂ ಪರಸ್ಪರ ಮಾನ್ಯತೆಯ ಒಪ್ಪಂದ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಎಷ್ಟೋ ಓದು ಉಳಿಯುತ್ತದೆ.

ಆದರೆ ಎಲ್ಲರಿಗೂ ಸಹಿಯ ಹಕ್ಕು ಬೇಕಾಗಿಲ್ಲ. ಕಂಪನಿಯ ಒಳಗೆ ಲೆಕ್ಕ ಒಟ್ಟುಗೂಡಿಸುವ, ಬಜೆಟ್ ಮಾಡುವ, ಆಂತರಿಕ ನಿಯಂತ್ರಣ ನೋಡುವ ಕೆಲಸಕ್ಕೆ ಸಾಮಾನ್ಯವಾಗಿ ಆ ದೇಶದ ಲೈಸೆನ್ಸ್ ಬೇಡ. ಹೊರದೇಶಕ್ಕೆ ಹೋಗುವವರಲ್ಲಿ ಬಹಳ ಜನರಿಗೆ ಸಿಗೋದು ಇಂಥ ಕೆಲಸವೇ. ಅಂಥವರು ಮೂರು ಮೂರು ಪದವಿ ಸೇರಿಸುತ್ತಾ ಕೂರಬಾರದು. ಒಂದು ಸಾಕು. ಉಳಿದ ಸಮಯ ಕೆಲಸದಲ್ಲಿ ಹಾಕಿ.

ದೊಡ್ಡ ನಾಲ್ಕು ಆಡಿಟ್ ಹೆಸರುಗಳ ಬಗ್ಗೆಯೂ ಒಂದು ಮಾತು. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಇವು ಒಂದೊಂದೂ ಒಂದೇ ಕಂಪನಿ ಅಲ್ಲ. ಒಂದೊಂದು ದೇಶದಲ್ಲೂ ಬೇರೆ ಬೇರೆ ಸಂಸ್ಥೆ, ಹೆಸರು ಮತ್ತು ಪದ್ಧತಿ ಮಾತ್ರ ಒಂದು. ಹಾಗಾಗಿ ಇಲ್ಲಿಂದ ಅಲ್ಲಿಗೆ ಹೋಗೋದು ಬ್ಯಾಂಕಿನ ಶಾಖೆ ಬದಲಿಸಿದ ಹಾಗಲ್ಲ. ಡೆಪ್ಯುಟೇಶನ್ ಮೇಲೆ ಹೋಗುತ್ತಿದ್ದೀರಾ, ಇಲ್ಲಾ ಅಲ್ಲಿ ಹೊಸದಾಗಿ ಸೇರುತ್ತಿದ್ದೀರಾ, ವಾಪಸ್ ಬಂದರೆ ಹಳೆಯ ಜಾಗ ಇರುತ್ತಾ, ಇದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಯಾರೂ ಕೇಳದ ಪ್ರಶ್ನೆಯೊಂದಿದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. "ಇದಕ್ಕೆ ನಾನು ಸಹಿ ಹಾಕೋದಿಲ್ಲ" ಅಂತ ಹೇಳಬೇಕಾಗಿ ಬಂದರೆ? ಅಕೌಂಟೆಂಟ್‌ಗಳಿಗೆ ಅಂತರರಾಷ್ಟ್ರೀಯ ನೀತಿ ಸಂಹಿತೆ ಇದೆ. ಪ್ರಾಮಾಣಿಕತೆ, ನಿಷ್ಪಕ್ಷಪಾತ, ಸಾಮರ್ಥ್ಯ ಮತ್ತು ಎಚ್ಚರಿಕೆ, ಗೋಪ್ಯತೆ, ವೃತ್ತಿಗೆ ತಕ್ಕ ನಡತೆ, ಈ ಐದು ಅದರ ಬುಡ. ದಾರಿ ತಪ್ಪಿಸುತ್ತದೆ ಅಂತ ಗೊತ್ತಿರುವ ಮಾಹಿತಿಯ ಜೊತೆ ತನ್ನ ಹೆಸರು ಸೇರಲು ಬಿಡಬಾರದು ಅನ್ನೋದು ಅದರ ಮಾತು. ಸ್ವಂತ ದೇಶದಲ್ಲಿ ಇದನ್ನು ಪಾಲಿಸೋದೇ ಕಷ್ಟ. ಹೊರಗೆ ವೀಸಾ ಕೂಡ ಅದೇ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ, ಮಕ್ಕಳ ಶಾಲೆ ಅಲ್ಲೇ ಇರುತ್ತದೆ. ತಿಂಗಳ ಕೊನೆ, ರಾತ್ರಿ ಹೊತ್ತು, ಮೇಲಿನವರು ಫೋನ್ ಮಾಡಿ "ಈ ಮಾರಾಟವನ್ನು ಈ ತಿಂಗಳಿಗೇ ಸೇರಿಸಿಬಿಡಿ, ಸರಕು ನಾಳೆ ಹೋಗುತ್ತೆ" ಅಂತಾರೆ. ಒಂದು ದಿನದ ವಿಷಯ ತಾನೇ ಅನ್ನಿಸುತ್ತದೆ. ಅಲ್ಲ. ಆ ಒಂದು ದಿನ ಮುಂದಿನ ತಿಂಗಳು ಎರಡು ದಿನ ಆಗುತ್ತದೆ.

ಅದಕ್ಕೆ ಹೋಗುವ ಮುಂಚೆಯೇ ತಯಾರಿ ಬೇಕು. ಕೆಲಸ ಬಿಟ್ಟರೆ ಎಷ್ಟು ದಿನದೊಳಗೆ ದೇಶ ಬಿಡಬೇಕು, ಬೇರೆ ಕಡೆ ಸೇರಬಹುದಾ ಅಂತ ವೀಸಾ ಷರತ್ತು ಓದಿಕೊಳ್ಳಿ. ಕೆಲವು ತಿಂಗಳ ಖರ್ಚು ಪಕ್ಕಕ್ಕೆ ಇಟ್ಟಿರಿ. ಆಕ್ಷೇಪ ಇದ್ದರೆ ಬಾಯಿಮಾತಲ್ಲಿ ಬಿಡದೆ ಇಮೇಲ್ ಬರೆಯಿರಿ, ಒಪ್ಪಂದದ ಯಾವ ಸಾಲು, ಯಾವ ನಿಯಮ ಅಂತ ಬರೆಯಿರಿ, ಬೈಗುಳ ಬೇಡ. ನಿಮ್ಮ ವೃತ್ತಿ ಸಂಸ್ಥೆ ಸದಸ್ಯರಿಗೆ ಗುಟ್ಟಾಗಿ ಸಲಹೆ ಕೊಡುತ್ತದಾ ಅಂತ ಮೊದಲೇ ತಿಳಿದುಕೊಂಡಿರಿ. ಇದಿಷ್ಟು ಇದ್ದವರು ಇಲ್ಲ ಅನ್ನಬಲ್ಲರು. ಹೀಗೆ ಇಲ್ಲ ಅಂದವರನ್ನು ಒಳ್ಳೆಯ ಮೇಲಧಿಕಾರಿಗಳು ನೆನಪಿಟ್ಟುಕೊಳ್ಳುತ್ತಾರೆ.

"ನನಗೆ ವಯಸ್ಸಾಯ್ತು, ಈಗ ಶುರು ಮಾಡಿದರೆ ತಡ ಅಲ್ವಾ" ಅಂತ ಕೇಳುವವರಿಗೆ ಹೊಸ ಕ್ಷೇತ್ರಗಳನ್ನು ತೋರಿಸುತ್ತೇನೆ. ವರ್ಷಕ್ಕೆ 75 ಕೋಟಿ ಯುರೋಗಿಂತ ಹೆಚ್ಚು ವಹಿವಾಟಿರುವ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ 15 ಶೇಕಡಾ ತೆರಿಗೆ ಹಾಕುವ ನಿಯಮಕ್ಕೆ 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದವು. ಹಲವು ದೇಶಗಳಲ್ಲಿ ಅದು 2024ರಿಂದ ಜಾರಿಯಾಗಿದೆ. ಅದೇ 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಐಎಸ್‌ಎಸ್‌ಬಿ ಎಂಬ ಮಂಡಳಿಯ ಘೋಷಣೆಯಾಯಿತು. ಹವಾಮಾನ, ಪರಿಸರ, ಸಮಾಜದಂಥ ವಿಷಯಗಳಿಂದ ಕಂಪನಿಗೆ ಬರುವ ಅಪಾಯವನ್ನು ಹೇಗೆ ವರದಿ ಮಾಡಬೇಕು ಅಂತ ಅದು 2023ರ ಜೂನ್‌ನಲ್ಲಿ ಎಸ್1, ಎಸ್2 ಎಂಬ ಎರಡು ಮಾನದಂಡ ಹೊರಡಿಸಿತು. ಕಂಪನಿ ತಾನು ಉಗುಳುವ ಹೊಗೆ ಮಾತ್ರವಲ್ಲ, ಅದಕ್ಕೆ ಸರಕು ಕೊಡುವವರು, ಅದರ ಸರಕು ಬಳಸುವವರು ಉಗುಳುವುದನ್ನೂ ಲೆಕ್ಕ ಹಿಡಿಯಬೇಕು ಅನ್ನುತ್ತದೆ ಎಸ್2. ಆ ಲೆಕ್ಕಕ್ಕೆ ಇನ್‌ವಾಯ್ಸ್ ಇರೋದಿಲ್ಲ, ಅಂದಾಜು ಇರುತ್ತದೆ. ಅಂದಾಜನ್ನು ತಿಕ್ಕಿ ನೋಡೋದು ನಮ್ಮ ಹಳೆಯ ಕಸುಬೇ.

ಇಲ್ಲಿ 20 ವರ್ಷದ ಅನುಭವ ಯಾರಿಗೂ ಇಲ್ಲ. 45ರವರೂ 25ರವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ, 45ರವರಿಗೆ ಕಾರ್ಖಾನೆ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಿರುತ್ತದೆ. ಎಸ್2 ಉಚಿತವಾಗಿ ಓದಲು ಸಿಗುತ್ತದೆ. ಅದನ್ನು ಇಳಿಸಿಕೊಂಡು, ನೀವು ಕೆಲಸ ಮಾಡುವ ಕಂಪನಿಯ ವಾರ್ಷಿಕ ವರದಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದು ಕೇಳುವ ಒಂದೊಂದು ಮಾಹಿತಿಯೂ ನಿಮ್ಮಲ್ಲಿ ಯಾರ ಬಳಿ ಇದೆ, ಯಾವ ವಿಭಾಗದಲ್ಲಿ ಇದೆ, ಎಲ್ಲಿ ಇಲ್ಲವೇ ಇಲ್ಲ ಅಂತ ಪಟ್ಟಿ ಮಾಡಿ. ಸಂದರ್ಶನಕ್ಕೆ ಹೋಗುವಾಗ ಕಂಪನಿಯ ಗುಟ್ಟೇನೂ ಬಿಡದೆ, ಆ ಪಟ್ಟಿ ಹೇಗೆ ಮಾಡಿದಿರಿ ಅನ್ನೋದನ್ನು ಹೇಳಿ.