ಅವರ ಮನೆಯ ಚಹಾ

ಗರ್ದಿಯ ಬಸ್ಸಿನಲ್ಲಿ ಯಾರ ಪಕ್ಕದ ಸೀಟು ಖಾಲಿ ಉಳಿಯುತ್ತದೆ ಅನ್ನುವುದು ಕಂಡಕ್ಟರನಿಗೆ ಚೆನ್ನಾಗಿ ಗೊತ್ತಿರುತ್ತದೆ. ನಾನು ಮುಂಬೈಯ ಸಿಟಿ ಬಸ್ಸಿನಲ್ಲಿ, ಅಂದರೆ 'ಬೆಸ್ಟ್' ಸಂಸ್ಥೆಯ ಬಸ್ಸಿನಲ್ಲಿ, ಟಿಕೆಟ್ ಹರಿದು ನಿವೃತ್ತನಾದವನು. ಊರು ಬೀದರ್ ಜಿಲ್ಲೆ, ಹುಮನಾಬಾದ್ ಹತ್ತಿರ. ಸಂಜೆ ಜನ ಒಬ್ಬರ ಮೇಲೊಬ್ಬರು ಬಿದ್ದು ನಿಂತಿರುತ್ತಿದ್ದರು. ಆದರೂ ಮೀನು ಮಾರಿ ಬಂದ ಹೆಂಗಸಿನ ಪಕ್ಕ ಜಾಗ ಇರುತ್ತಿತ್ತು. ಕಸದ ಗಾಡಿಯ ಕೆಲಸ ಮುಗಿಸಿ ಬಂದವನ ಪಕ್ಕ ಇರುತ್ತಿತ್ತು. ಮಂಗಳಮುಖಿಯೊಬ್ಬಳು ಟಿಕೆಟ್ ತೆಗೆದುಕೊಂಡು ಸುಮ್ನೆ ಕಿಟಕಿ ಕಡೆ ನೋಡುತ್ತ ಕೂತಿದ್ದರೂ ಅಷ್ಟೇ. "ಪುಢೇ ಚಲಾ", ಮುಂದೆ ನಡೀರಿ ಅಂತ ನಾನು ಮರಾಠಿಯಲ್ಲಿ ಎಷ್ಟು ಕೂಗಿದರೂ ಆ ಸೀಟಿಗೆ ಯಾರೂ ಬರುತ್ತಿರಲಿಲ್ಲ.

ವಡಾಲಾ, ಶಿವಡಿ ಕಡೆಯ ಬಸ್ಸುಗಳಲ್ಲಿ ಇದು ಇನ್ನೂ ಜಾಸ್ತಿ. ವಡಾಲಾದಲ್ಲಿ ಆಕ್‌ವರ್ತ್ ಕುಷ್ಠರೋಗ ಆಸ್ಪತ್ರೆ ಇದೆ. 1890ರಲ್ಲಿ ಶುರುವಾದದ್ದು. ಆಗಿನ ಮುನಿಸಿಪಲ್ ಕಮಿಷನರ್ ಆಕ್‌ವರ್ತ್ ಅನ್ನುವವರ ಹೆಸರು ಅದಕ್ಕೆ. ಅಲ್ಲಿಂದ ಸ್ವಲ್ಪ ಮುಂದೆ ಶಿವಡಿಯ ಟೀಬಿ ಆಸ್ಪತ್ರೆ. ಊರು ಯಾರನ್ನು ದೂರ ಇಡಬೇಕು ಅಂದುಕೊಂಡಿತ್ತೋ ಅವರನ್ನೆಲ್ಲ ಒಂದೇ ಮಗ್ಗುಲಿಗೆ ತಂದು ಇಟ್ಟ ಹಾಗೆ.

ವಡಾಲಾದಲ್ಲಿ ಹತ್ತುವ ಕೆಲವರು ದುಡ್ಡನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಬೆರಳು ಮೊಟಕಾದ ಅಂಗೈಯಿಂದ ನಾಣ್ಯವನ್ನು ಸೀಟಿನ ಅಂಚಿಗೆ ಇಟ್ಟು ಕೈ ಹಿಂದೆ ಎಳೆದುಕೊಳ್ಳುತ್ತಿದ್ದರು. ನನಗೆ ತೊಂದರೆ ಆಗಬಾರದು ಅಂತ. ನನಗೆ ಕೆಲಸ ಕಲಿಸಿದ ಹಿರಿಯ ಕಂಡಕ್ಟರ್ ರತ್ನಾಗಿರಿ ಕಡೆಯ ಮುಸಲ್ಮಾನರು. ಮೊದಲ ವಾರವೇ ಹೇಳಿದ್ದರು: ಸೀಟಿನ ಮೇಲಿಂದ ದುಡ್ಡು ಎತ್ತಬೇಡ, ಕೈ ಚಾಚಿ ನಿಲ್ಲು, ಅವರು ಕೈಗೇ ಕೊಡುವವರೆಗೆ ನಿಲ್ಲು. ಚಿಲ್ಲರೆಯನ್ನೂ ಕೈಗೇ ಕೊಡು. ಹಿಂದಿದ್ದವರು ಬೈದರೆ ಬೈಯಲಿ. ಅವರು ಬೈಬಲ್ ತೆರೆದೂ ನೋಡಿದವರಲ್ಲ. ಆದರೆ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯ ಓದಿದಾಗಲೆಲ್ಲ ನನಗೆ ಅವರ ಮುಖವೇ ನೆನಪಾಗುತ್ತದೆ. ಅದರಲ್ಲಿ ಒಬ್ಬ ಕುಷ್ಠರೋಗಿ ಬರುತ್ತಾನೆ. ಯೇಸು ಅವನನ್ನು ಮೊದಲು ವಾಸಿ ಮಾಡಿ ಆಮೇಲೆ ಮುಟ್ಟಿದ್ದಲ್ಲ. ಮೊದಲು ಕೈ ಚಾಚಿ ಮುಟ್ಟಿದರು.

ಆಗಿನ ಯೆಹೂದ್ಯರ ನಿಯಮ ಯಾಜಕಕಾಂಡದಲ್ಲಿದೆ. ರೋಗಿ ಹರಿದ ಬಟ್ಟೆ ಹಾಕಿಕೊಂಡು 'ನಾನು ಅಶುದ್ಧ' ಅಂತ ತಾನೇ ಕೂಗಿಕೊಂಡು ಓಡಾಡಬೇಕು, ಪಾಳೆಯದ ಹೊರಗೇ ಇರಬೇಕು. ಎಷ್ಟು ಹಳೆಯ ಕಾಲ ಅಂತೀರಾ? ನಮ್ಮದೂ ಅಷ್ಟೇನು ದೂರ ಇರಲಿಲ್ಲ. 1898ರ ಕುಷ್ಠರೋಗಿಗಳ ಕಾಯಿದೆ ಅಂತ ಒಂದಿತ್ತು. ರೋಗಿಗಳು ಸಾರ್ವಜನಿಕ ಬಾವಿಯಲ್ಲಿ ನೀರು ಸೇದಬಾರದು, ರೈಲು ಬಿಟ್ಟು ಬೇರೆ ಬಾಡಿಗೆ ಗಾಡಿ ಹತ್ತಬಾರದು ಅಂತ ಸರಕಾರ ಅದರ ಕೆಳಗೆ ಆಜ್ಞೆ ಮಾಡಬಹುದಿತ್ತು. ಅದನ್ನು ರದ್ದು ಮಾಡಿದ್ದು 2016ರಲ್ಲಿ! ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಅಂತ ವಿಚ್ಛೇದನ ಕೇಳುವ ದಾರಿ ಮುಚ್ಚಿದ್ದು 2019ರಲ್ಲಿ. ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲೇ ಹೇಳಿತ್ತು. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷದಲ್ಲಿ ವಾಸಿಯಾಗುವ ರೋಗ. ಮಾತ್ರೆ ಬಂದು ಎಷ್ಟೋ ವರ್ಷವಾದ ಮೇಲೂ ಹೆದರಿಕೆ ಕಾಯಿದೆ ಪುಸ್ತಕದಲ್ಲಿ ಕೂತೇ ಇತ್ತು.

ಇರಲಿ. ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ.

ನಮ್ಮ ಕನ್ನಡ ಸಭೆಯವರು ಕೊಡುವುದರಲ್ಲಿ ಹಿಂದೆ ಬೀಳುವವರಲ್ಲ. ಕ್ರಿಸ್‌ಮಸ್‌ಗೆ ಕಂಬಳಿ, ಮಳೆಗಾಲಕ್ಕೆ ತಾಡಪತ್ರಿ, ಕೊರೋನಾ ವೇಳೆಯಲ್ಲಿ ಅಕ್ಕಿ ಬೇಳೆಯ ಕಿಟ್. ಫೋಟೋ ಕೂಡ ತೆಗೆಯುತ್ತೇವೆ, ಅದನ್ನು ಬಿಡುವುದಿಲ್ಲ. ಆದರೆ ಕೊಟ್ಟ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಬಂದವರು ಎಷ್ಟು ಜನ? ಹೊಸ್ತಿಲಲ್ಲೇ ನಿಂತು ಪ್ರಾರ್ಥನೆ ಮಾಡಿ, "ಟೈಮಿಲ್ಲ ತಾಯಿ, ಇನ್ನೊಮ್ಮೆ ಬರ್ತೀವಿ" ಅಂದುಬಿಡುತ್ತೇವೆ. ನಮ್ಮ ದೇಶದಲ್ಲಿ ದೂರ ಇಡುವುದು ಮಾತಿಗಿಂತ ಮೊದಲು ನೀರಿನಲ್ಲಿ, ಲೋಟದಲ್ಲಿ ಕಾಣುತ್ತದೆ. ಇದು ನಮ್ಮ ಹಿರಿಯರು ಅನುಭವಿಸಿ ಬಂದದ್ದೇ. ಊರ ಹೋಟೆಲಿನಲ್ಲಿ ನಮಗೆ ಬೇರೆ ಕಪ್ಪು ಇರುತ್ತಿತ್ತು ಅಂತ ನಮ್ಮಪ್ಪ ಹೇಳುತ್ತಿದ್ದ. ಅದನ್ನು ಕೇಳಿ ಬೆಳೆದ ನಾವೇ ಇನ್ನೊಬ್ಬರ ಕಪ್ಪು ನೋಡಿ ಹಿಂಜರಿದರೆ ಹೇಗೆ?

ಸುವಾರ್ತೆ ಓದಿ ನೋಡಿ. ಯೇಸು ಬರೀ ಕೊಡುವುದಿಲ್ಲ, ಕೇಳಿ ತೆಗೆದುಕೊಳ್ಳುತ್ತಾರೆ. ಯಾಕೋಬನ ಬಾವಿಯ ಬಳಿ, ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದ ಹೆಂಗಸಿನ ಹತ್ತಿರ ಮೊದಲು ನೀರು ಕೇಳುತ್ತಾರೆ. ಯೆಹೂದ್ಯನಾಗಿ ನನ್ನ ಹತ್ತಿರ ನೀರಾ ಅಂತ ಅವಳಿಗೇ ಆಶ್ಚರ್ಯ. ಊರೆಲ್ಲ ಬೈಯುವ ಸುಂಕದ ಜಕ್ಕಾಯನಿಗೆ ಮರದಿಂದ ಇಳಿ, ಇವತ್ತು ನಿನ್ನ ಮನೆಯಲ್ಲೇ ಇರಬೇಕು ಅನ್ನುತ್ತಾರೆ. ಸಾಯುವುದಕ್ಕೆ ಕೆಲವೇ ದಿನ ಇರುವಾಗ ಬೇಥಾನ್ಯದಲ್ಲಿ ಊಟಕ್ಕೆ ಕೂತಿದ್ದು ಎಲ್ಲಿ? ಕುಷ್ಠರೋಗಿ ಸೀಮೋನನ ಮನೆಯಲ್ಲಿ. ಅವನಿಗೆ ವಾಸಿಯಾಗಿತ್ತೋ ಇಲ್ಲವೋ ಮಾರ್ಕ ಬರೆದಿಲ್ಲ. ಕೊಡುವವನು ಯಾವಾಗಲೂ ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾನೆ. ತೆಗೆದುಕೊಂಡು ಉಣ್ಣುವವನು ಪಕ್ಕದಲ್ಲಿ ಕೂರಬೇಕಾಗುತ್ತದೆ.

ಈಗ ಮುಂಬೈಯ ಗೋವಂಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಸಭೆಯ ಹುಡುಗನೊಬ್ಬ ಅಲ್ಲಿರುತ್ತಾನೆ. ಕಲಬುರಗಿ ಕಡೆಯವನು. ಗಾರೆ ಕೆಲಸ. ಅವನಿಗೆ ಟೀಬಿ ಅಂತ ಗೊತ್ತಾದಾಗ ಚಾಳದಲ್ಲಿ ಮಾತು ನಿಂತಿತು. ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ಮೇಸ್ತ್ರಿ ಕರೆಯುವುದು ಬಿಟ್ಟ. ಸಭೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಹೇಳಿದರು, "ನೀನು ಮನೆಯಲ್ಲೇ ವಿಶ್ರಾಂತಿ ತಗೋ, ನಾವು ಪ್ರಾರ್ಥನೆ ಮಾಡ್ತೀವಿ." ಆಮೇಲೆ ಆ ಮನೆಗೆ ಹೋದವರು ಕಮ್ಮಿ.

ನಾನು ಹೋಗುವ ಮೊದಲು ಔಷಧಿ ಕೊಡುವ ಕೇಂದ್ರದ ನರ್ಸ್ ಹತ್ತಿರ ಕೂತು ಎಲ್ಲ ಕೇಳಿಕೊಂಡೆ. ಪ್ರೀತಿ ಇದೆ ಅಂತ ಕಣ್ಣು ಮುಚ್ಚಿಕೊಂಡು ನುಗ್ಗುವುದರಲ್ಲಿ ನನಗೆ ನಂಬಿಕೆ ಇಲ್ಲ, ಮನೆಯಲ್ಲಿ ಮೊಮ್ಮಗಳಿದ್ದಾಳೆ. ನರ್ಸ್ ಬಿಡಿಸಿ ಹೇಳಿದರು. ಟೀಬಿ ಹರಡುವುದು ಗಾಳಿಯಿಂದ. ಕೆಮ್ಮಿದಾಗ, ಗಾಳಿ ಆಡದ ಖೋಲಿಯಲ್ಲಿ ತುಂಬಾ ಹೊತ್ತು ಜೊತೆಗಿದ್ದಾಗ. ತಟ್ಟೆ, ಲೋಟ, ಬಟ್ಟೆಯಿಂದ ಅಲ್ಲ. ಕೈ ಕುಲುಕಿದರೆ ಬರುವುದಿಲ್ಲ. ಔಷಧಿ ಸರಿಯಾಗಿ ಹತ್ತಿದರೆ ಕೆಲವು ವಾರಗಳಲ್ಲೇ ಹರಡುವುದು ಬಹಳ ಕಮ್ಮಿಯಾಗುತ್ತದೆ. ಆದರೆ ಮಾತ್ರೆ ಮಾತ್ರ ಆರು ತಿಂಗಳು ತಪ್ಪಿಸುವಂತಿಲ್ಲ. ಔಷಧಿಗೆ ಬಗ್ಗದ ಟೀಬಿಯ ಕಥೆ ಬೇರೆ, ಅದಕ್ಕೆ ಡಾಕ್ಟರು ಹೇಳಿದಂತೆ. ಸರಕಾರದಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಆ ಹುಡುಗನ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಅದನ್ನು ಮಾಡಿಸಿಕೊಟ್ಟೆ.

ಅವನ ಅವ್ವ ಬಾಗಿಲಲ್ಲೇ ತಡೆದಳು. "ಕಾಕಾ, ಒಳಗ ಬರಬ್ಯಾಡ್ರಿ, ಅವಂಗ ಕೆಮ್ಮದ." ಬಾಗಿಲು, ಕಿಟಕಿ ತೆಗೆಸಿದೆ. ಅವನು ಮಾಸ್ಕ್ ಹಾಕಿಕೊಂಡ. ನಾನು ಗಾಳಿ ಬರುವ ಕಡೆ ಕೂತೆ. ಚಹಾ ಮಾಡು ಅಂದೆ. ಅವಳು ಕೆಳಗೆ ಹೋಗಿ ಅಂಗಡಿಯಿಂದ ಕಾಗದದ ಕಪ್ಪು ತರಲು ಹೊರಟಳು. ಬೇಡ, ನಿಮ್ಮ ಸ್ಟೀಲ್ ಲೋಟ ಇಲ್ಲವಾ ಅಂದೆ. ಅವಳು ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಒಲೆ ಹಚ್ಚಿದಳು. ಸಕ್ಕರೆ ವಿಪರೀತ ಹಾಕಿದ್ದಳು. ನನಗೆ ಶುಗರ್ ಇದೆ, ಅದು ಬೇರೆ ಮಾತು.

ಹುಡುಗ ರೋಗದ ಬಗ್ಗೆ ಮಾತೇ ಆಡಲಿಲ್ಲ. ಪ್ಲಾಸ್ಟರ್ ಬಗ್ಗೆ ಆಡಿದ. ನಮ್ಮ ಮನೆಯ ಬಾತ್‌ರೂಮ್ ಗೋಡೆ ಸೋರುವುದಕ್ಕೆ ಏನು ಮಾಡಬೇಕು ಅಂತ ಕೇಳಿದೆ, ಅರ್ಧ ಗಂಟೆ ವಿವರಿಸಿದ. ಎಷ್ಟು ಸಿಮೆಂಟು, ಎಷ್ಟು ಮರಳು, ಯಾವ ಕಡೆಯಿಂದ ಒಡೆಯಬೇಕು. ಅವತ್ತು ಅವನಿಂದ ನನಗೆ ಕೆಲಸದ ಮಾತು ಸಿಕ್ಕಿತು. ಪ್ರಾರ್ಥನೆಯನ್ನೂ ಅವನೇ ಮಾಡಿದ, ನನ್ನ ಶುಗರ್‌ಗಾಗಿ.

ಈಗ ಅವನ ಕಫದ ಪರೀಕ್ಷೆ ನೆಗೆಟಿವ್ ಬಂದಿದೆ. ನಮ್ಮಲ್ಲಿ ಮನೆ ಕೂಟ, ಅಂದರೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಪ್ರಾರ್ಥನೆ, ಸರದಿಯ ಪ್ರಕಾರ ನಡೆಯುತ್ತದೆ. ಮುಂದಿನ ತಿಂಗಳ ಸರದಿ ಅವನ ಮನೆಯದು. ಒಬ್ಬಿಬ್ಬರು ಪಾಸ್ಟರ್ ಹತ್ತಿರ ಹೋಗಿ, ಆ ಮನೆ ಚಿಕ್ಕದು, ಸರದಿ ಮುಂದಕ್ಕೆ ಹಾಕೋಣ ಅಂದಿದ್ದಾರೆ. ಚಿಕ್ಕದು ಹೌದು. ಹೋದ ವರ್ಷವೂ ಅಷ್ಟೇ ಚಿಕ್ಕದಿತ್ತು, ಆಗ ಎಲ್ಲರೂ ಬಂದು ಉಪ್ಪಿಟ್ಟು ತಿಂದು ಹೋಗಿದ್ದೆವು. ಪಾಸ್ಟರ್ ನನ್ನನ್ನು ಕೇಳಿದರು. ಪಟ್ಟಿ ಬದಲಿಸಬೇಡಿ, ಹೆದರಿಕೆ ಇದ್ದವರು ಬಾಗಿಲ ಹತ್ತಿರ ಕೂರಲಿ ಅಂದೆ. ಪಾಸ್ಟರ್ ಒಪ್ಪಿದ್ದಾರೆ.

ಎಷ್ಟು ಜನ ಬರ್ತಾರ ಕಾಕಾ ಅಂತ ಅವ್ವ ನಿನ್ನೆ ಫೋನು ಮಾಡಿದ್ದಳು. ಇಪ್ಪತ್ತು ಜನಕ್ಕೆ ಮಾಡು ಅಂದಿದ್ದೇನೆ. ಕಮ್ಮಿ ಜನ ಬಂದರೆ ಉಳಿದ ಉಪ್ಪಿಟ್ಟನ್ನು ನಾನು ಡಬ್ಬಿಯಲ್ಲಿ ಮನೆಗೆ ತರುತ್ತೇನೆ.