ಲೇಯರ್ ಲೆಕ್ಕ ಸಾಲದು, ತೂಕ ಹಾಕಿ

ಚಾಕು-ಚುಚ್ಚು ತಡೆಯುವ ವೆಸ್ಟಿಗಾಗಿ ಎಸ್‌ಟಿಎಫ್ (ಏಟು ಬಿದ್ದಾಗ ಗಟ್ಟಿಯಾಗುವ ದ್ರವ) ಹಾಕಿದ ಕೆವ್ಲಾರ್ ಬಟ್ಟೆ ಟೆಸ್ಟಿಂಗಿಗೆ ಬಂದಾಗಲೆಲ್ಲ ನನಗೂ ಮ್ಯಾನೇಜರ್‌ಗೂ ಒಂದು ಜಗಳ ಇದ್ದೇ ಇರುತ್ತದೆ. ಸ್ಯಾಂಪಲ್ ತರುವ ಪಾರ್ಟಿಯವರು ಎಸ್‌ಟಿಎಫ್‌ನಿಂದ ಟ್ರೀಟ್ ಮಾಡಿದ್ದು ಎಷ್ಟು ಲೇಯರೋ, ಹೋಲಿಸಲು ಟ್ರೀಟ್ ಮಾಡದ ಪ್ಲೇನ್ ಬಟ್ಟೆಯೂ ಅಷ್ಟೇ ಲೇಯರ್ ತರುತ್ತಾರೆ. ಈ ಸಲವೂ ಹಾಗೇ. ಮೇಲಿನಿಂದ ಬೀಳಿಸುವ ಡ್ರಾಪ್ ಟವರ್‌ನಲ್ಲಿ 24 ಜೂಲ್ ಶಕ್ತಿಗೆ ಸ್ಪೈಕ್ (ಚೂಪು ಮೊನೆಯ ಕಡ್ಡಿ) ಬಿಟ್ಟೆವು. ಪ್ಲೇನ್ ಬಟ್ಟೆ ದಾಟಿ ಹಿಂದಿನ ಫೋಮಿನ ಆಳಕ್ಕೆ ಹೋಯಿತು. ಟ್ರೀಟ್ ಮಾಡಿದ್ದರಲ್ಲಿ ತುದಿ ಮಾತ್ರ ಇಣುಕಿತು, 7 ಮಿಲಿಮೀಟರ್ ಮಿತಿಯ ಒಳಗೆ. ಪಾರ್ಟಿಗೆ ಖುಷಿಯೋ ಖುಷಿ. ಸಂಜೆಯೊಳಗೆ ರಿಪೋರ್ಟ್ ಬೇಕಂತೆ.

ನಾನು ಒಪ್ಪಲಿಲ್ಲ. ಎಸ್‌ಟಿಎಫ್‌ನಲ್ಲಿರುವ ಸಿಲಿಕಾ, ಪಾಲಿಇಥಿಲೀನ್ ಗ್ಲೈಕಾಲ್ ಕುಡಿದ ಬಟ್ಟೆ ಭಾರ ಆಗುತ್ತದೆ, ಅಲ್ವಾ? ಅದೇ ಭಾರಕ್ಕೆ ಇನ್ನಷ್ಟು ಪ್ಲೇನ್ ಕೆವ್ಲಾರ್ ಹಾಕಿದ್ದರೆ? ತೂಕ ಸಮ ಆಗುವವರೆಗೆ ಪ್ಲೇನ್ ಲೇಯರ್ ಸೇರಿಸಿದೆ. "ಕೇಳದ ಟೆಸ್ಟ್ ಯಾಕ್ರೀ?" ಎಂದು ಮ್ಯಾನೇಜರ್ ಗದರಿದರು. ಪಾರ್ಟಿಯವರು ಬಾಗಿಲ ಹತ್ತಿರವೇ ಕೈಕಟ್ಟಿ ನಿಂತರು. ಅವರ ಮುಂದೆಯೇ ಸ್ಟ್ರ್ಯಾಪ್ ಬಿಗಿದು, ಎತ್ತರ ಎರಡೆರಡು ಸಲ ನೋಡಿ, ಲಾಕ್ ಬಿಚ್ಚಿದೆ. ಎರಡೂ ಹತ್ತಿರ ಹತ್ತಿರ ಬರುತ್ತವೆ ಎಂದೇ ನನ್ನ ಅಂದಾಜು. ಬರಲಿಲ್ಲ. ಸ್ಪೈಕ್‌ಗೆ ಟ್ರೀಟ್ ಮಾಡಿದ್ದೇ ಗೆದ್ದಿತು, ಅದೂ ಚೆನ್ನಾಗಿಯೇ.

ಆಮೇಲೆ ಪಿ1 ಎಂಬ ಚಾಕುವಿನಂಥ ಟೆಸ್ಟ್ ಬ್ಲೇಡ್ ಹಾಕಿದೆವು. ಅಲ್ಲಿ ವ್ಯತ್ಯಾಸ ಕರಗಿಹೋಯಿತು. ಸ್ಪೈಕ್ ನೂಲನ್ನು ಕತ್ತರಿಸುವುದಿಲ್ಲ, ಪಕ್ಕಕ್ಕೆ ಸರಿಸಿ ನುಗ್ಗುತ್ತದೆ. ಸಿಲಿಕಾ ನೂಲುಗಳ ನಡುವಿನ ಉಜ್ಜಾಟ ಹೆಚ್ಚಿಸಿ ಸರಿಯದಂತೆ ಹಿಡಿಯುತ್ತದೆ. ಬ್ಲೇಡಿನ ಅಲಗು ನೂಲನ್ನೇ ಕೊಯ್ಯುತ್ತದೆ, ಅಲ್ಲಿ ಈ ಹಿಡಿತ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ಜೈಲಿನ ಗಾರ್ಡ್ ಎದುರಿಗೆ ಚೂಪು ಕಡ್ಡಿಯೂ ಬರಬಹುದು, ಚಾಕುವೂ ಬರಬಹುದು. ಸ್ಪೈಕ್ ರಿಸಲ್ಟ್ ಒಂದನ್ನೇ ತೋರಿಸಿ ವೆಸ್ಟ್ ಮಾರಿದರೆ ಹೇಗೆ?

ಕೊನೆಗೆ ಮೂರೂ ರಿಸಲ್ಟ್ ರಿಪೋರ್ಟಿಗೆ ಹಾಕಿಸಿದೆ. ನಮ್ಮ ಫಾರ್ಮ್ಯಾಟ್‌ನಲ್ಲಿ ಲೇಯರ್‌ಗೆ ಕಾಲಂ ಇದೆ, ತೂಕಕ್ಕೆ ಇಲ್ಲ. ಎಷ್ಟು ಸಲ ಮೇಲ್ ಹಾಕಿದರೂ ಬದಲಾಯಿಸಿಲ್ಲ, ರಿಮಾರ್ಕ್ಸ್‌ನಲ್ಲೇ ಬರೆಯುತ್ತಿದ್ದೇನೆ.

ಸ್ಯಾಂಪಲ್ ಕಳಿಸುವವರು ಟ್ರೀಟ್‌ಮೆಂಟ್‌ಗೆ ಮುಂಚಿನ ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಗೆ ಎಷ್ಟು ಗ್ರಾಂ ಎಂಬ ತೂಕ), ಆಮೇಲಿನ ಜಿಎಸ್‌ಎಂ ಎರಡನ್ನೂ ಬರೆದು ಕೊಡಿ. ಮಳೆಗಾಲದಲ್ಲಿ ಗಾಳಿಯಾಡದಂತೆ ಸೀಲ್ ಮಾಡಿ ಕಳಿಸಿ. ಗ್ಲೈಕಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಆಮೇಲೆ ನಾವು ತೂಗುವುದು ನಿಮ್ಮ ಬಟ್ಟೆಯ ಜೊತೆ ನೀರನ್ನೂ.